ಮಾಂಟೆರೆ ಕೊಲ್ಲಿಯಲ್ಲಿ ಕಯಾಕ್ ಹತ್ತಿ ತಿಮಿಂಗಿಲ ನೋಡುವ ಬಗೆ

ಕ್ಯಾಲಿಫೋರ್ನಿಯಾದ ಮಾಂಟೆರೆ ಕೊಲ್ಲಿಯಲ್ಲಿ ಕಯಾಕ್ ಎಂಬ, ಹುಟ್ಟು ಹಾಕಿ ನಡೆಸುವ ಕಿರುದೋಣಿಯಿಂದ ತಿಮಿಂಗಿಲ ನೋಡಲು ಕೆಲವೊಮ್ಮೆ ಹೆಚ್ಚು ದೂರ ಹೋಗಬೇಕಾಗಿಲ್ಲ. ಕಡಲಡಿಯ ದೊಡ್ಡ ಕಣಿವೆ ಮಾಸ್ ಲ್ಯಾಂಡಿಂಗ್ ಬಂದರಿನ ಬಾಯಲ್ಲೇ ಶುರುವಾಗುತ್ತದೆ. ಆಳದ ತಣ್ಣೀರು ಮೇಲೆ ಬರುವಲ್ಲಿ ಆಂಚೊವಿ ಮೀನು, ಮೀನಿದ್ದಲ್ಲಿ ಹಂಪ್‌ಬ್ಯಾಕ್ ತಿಮಿಂಗಿಲ. ಇವು ಹೆಚ್ಚಾಗಿ ಕಾಣುವುದು ಏಪ್ರಿಲ್‌ನಿಂದ ನವೆಂಬರ್‌ವರೆಗೆ. ಚಳಿಗಾಲದಲ್ಲಿ ಬೂದು ತಿಮಿಂಗಿಲಗಳು ಹಾದುಹೋಗುತ್ತವೆ, ಆದರೆ ಆಗಿನ ಅಲೆ ಹೊಸಬರಿಗಲ್ಲ.

ನೀರು ಸಾಮಾನ್ಯವಾಗಿ 10ರಿಂದ 15 ಡಿಗ್ರಿ. ಬಿಸಿಲು ಎಷ್ಟೇ ಇರಲಿ, ತಣ್ಣೀರಲ್ಲೂ ಮೈ ಬೆಚ್ಚಗಿಡುವ ವೆಟ್‌ಸೂಟ್ ಉಡುಪು ಬೇಕೇ ಬೇಕು. ಜೀನ್ಸ್, ಹತ್ತಿಬಟ್ಟೆ ಬೇಡ. ತಣ್ಣೀರಿಗೆ ಬಿದ್ದ ಕ್ಷಣ ಬಾಯಿ ತಾನಾಗಿ ತೆರೆದು ಏದುಸಿರು ಬರುತ್ತದೆ, ಆಗ ನೀರು ಒಳಗೆ ಹೋಗುತ್ತದೆ. ಲೈಫ್ ಜಾಕೆಟ್ ತೊಡದೆ ಕಯಾಕಿನ ಹಿಂಭಾಗದಲ್ಲಿ ಕಟ್ಟಿಟ್ಟುಕೊಂಡವರಿಗೆ ಆ ಹೊತ್ತಿನಲ್ಲಿ ಅದು ಸಿಗುವುದಿಲ್ಲ.

ಬೆಳಗ್ಗೆಯೇ ಹೊರಡಿ. ಮಧ್ಯಾಹ್ನದ ಹೊತ್ತಿಗೆ ವಾಯವ್ಯದ ಗಾಳಿ ಏಳುತ್ತದೆ. ಅಲೆಗಳ ತಲೆಯಲ್ಲಿ ಬಿಳಿ ನೊರೆ ಕಂಡರೆ ತಿಮಿಂಗಿಲ ಕಾಣದಿದ್ದರೂ ದಡದ ಕಡೆ ತಿರುಗಿ. ಮಂಜು ಕವಿದರೆ ದಡವೇ ಮಾಯ, ಆದ್ದರಿಂದ ದಿಕ್ಸೂಚಿ ಇರಲಿ. ಇಳಿತದ ವೇಳೆಯನ್ನೂ ನೋಡಿಕೊಳ್ಳಿ: ಬಂದರಿಗೆ ಸೇರುವ ಎಲ್ಕ್‌ಹಾರ್ನ್ ಸ್ಲೂ ಎಂಬ ಹಿನ್ನೀರಿನ ನೀರು ಬಂದರಿನ ಬಾಯಿಯ ಕಡೆಗೆ ಜೋರಾಗಿ ಹರಿಯುವಾಗ ಅದಕ್ಕೆ ಎದುರಾಗಿ ಹುಟ್ಟು ಹಾಕಿ ದಣಿಯುವವರೇ ಹೆಚ್ಚು.

ಇನ್ನು ನೋಡುವುದು. ತಿಮಿಂಗಿಲವನ್ನಲ್ಲ, ಮೀನನ್ನು ಹುಡುಕಿ. ಹಕ್ಕಿಗಳು ಒಂದೇ ಕಡೆ ಮುಗಿಬೀಳುತ್ತಿದ್ದರೆ ಅಲ್ಲಿ ಮೀನಿದೆ. ಆಂಚೊವಿಗಳು ಕಾದ ಎಣ್ಣೆಯಲ್ಲಿ ಸಾಸಿವೆ ಸಿಡಿದ ಹಾಗೆ ನೀರಿನ ಮೇಲೆ ಪಟಪಟ ಹಾರತೊಡಗಿದರೆ ಕೆಳಗಿನಿಂದ ತೆರೆದ ಬಾಯಿ ಮೇಲೇರುತ್ತಿರಬಹುದು. ಆ ಜಾಗದ ಮೇಲೆ ನೀವಿರಬಾರದು. ನೋಡಲು ಹೋಗುವವರು ಮಾಡುವ ತಪ್ಪೇ ಇದು, ಮೀನಿನ ಗುಂಪಿನತ್ತ ನುಗ್ಗುವುದು.

ಕನಿಷ್ಠ 100 ಗಜ ದೂರವಿರಿ. ನೀರಿನ ಮೇಲೆ ದೂರದ ಅಂದಾಜು ತಪ್ಪುತ್ತದೆ. ನಾಲ್ಕೂವರೆ ಮೀಟರಿನ ಇಪ್ಪತ್ತು ಕಯಾಕ್‌ಗಳನ್ನು ಸಾಲಾಗಿ ಇಟ್ಟಷ್ಟು ಎಂದುಕೊಳ್ಳಿ. 2015ರ ಸೆಪ್ಟೆಂಬರ್‌ನಲ್ಲಿ ಮಾಸ್ ಲ್ಯಾಂಡಿಂಗ್ ಹತ್ತಿರ ನೀರಿನಿಂದ ಮೇಲಕ್ಕೆ ಹಾರಿದ ಹಂಪ್‌ಬ್ಯಾಕ್ ಒಂದು ಇಬ್ಬರಿದ್ದ ಕಯಾಕಿನ ಮೇಲೇ ಬಿತ್ತು, ಇಬ್ಬರೂ ಬದುಕಿದರು. ತಿಮಿಂಗಿಲ ತಾನಾಗಿ ಹತ್ತಿರ ಬಂದರೆ ಹುಟ್ಟು ನಿಲ್ಲಿಸಿ, ಕಯಾಕಿನ ಪಕ್ಕವನ್ನು ಕೈಯಿಂದ ತಟ್ಟಿ ನಿಮ್ಮ ಇರವು ತಿಳಿಸಿ. ಅದು ದಾಟಿಹೋದ ಮೇಲೆ ನಿಧಾನ ದೂರ ಸರಿಯಿರಿ. ಅದರ ದಾರಿಗೆ ಅಡ್ಡ, ತಾಯಿ-ಮರಿಯ ನಡುವೆ ಎಂದೂ ಬೇಡ. ಕೆಲ್ಪ್ ಪಾಚಿಯಲ್ಲಿ ಮಲಗಿದ ಕಡಲ ನೀರುನಾಯಿಗಳನ್ನೂ ಎಬ್ಬಿಸಬೇಡಿ.

ಕಯಾಕ್ ಮಗುಚಿದರೆ ಅದನ್ನು ಬಿಡಬೇಡಿ. ಮೇಲೆ ಕೂರುವ ಬಗೆಯದಾದರೆ ನೇರ ಮಾಡಿ, ನಡುಭಾಗದ ಪಕ್ಕಕ್ಕೆ ಬಂದು, ಕಾಲು ಜೋರಾಗಿ ಬಡಿದು ಹೊಟ್ಟೆಯನ್ನು ಅಡ್ಡಲಾಗಿ ಹಾಕಿ. ಆಮೇಲೆ ಹೊರಳಿ ಕುಳಿತು ಕಾಲು ಒಳಗೆ ಎಳೆದುಕೊಳ್ಳಿ. ಇದನ್ನು ದಡದ ಹತ್ತಿರ ಮೂರ್ನಾಲ್ಕು ಸಲ ಅಭ್ಯಾಸ ಮಾಡದೆ ಹೊರಗೆ ಹೋಗುವುದು ಹುಚ್ಚು. ಕಡಲಲ್ಲಿ ಮಾತಾಡಲು ಬಳಸುವ ವಿಎಚ್‌ಎಫ್ ರೇಡಿಯೋವನ್ನು ಜಾಕೆಟ್‌ಗೇ ಸಿಕ್ಕಿಸಿರಿ. ತುರ್ತಿಗೆ ಚಾನೆಲ್ 16.