ಹೆಣ್ಣುಮಕ್ಕಳು ಯಜಮಾನರಿಗೆ ಅಂಕ ಕೊಡುವಾಗ: ಕೇಳುವುದು ಹೇಗೆ, ತಿದ್ದುವುದು ಹೇಗೆ

ಅಮೆರಿಕದ ಕಂಪೇರಬ್ಲಿ ಎಂಬ ಸಂಸ್ಥೆ ವರ್ಷಕ್ಕೊಮ್ಮೆ ಒಂದು ಪಟ್ಟಿ ಹೊರಡಿಸುತ್ತದೆ. ಸ್ವಂತ ಕಂಪನಿಯ ಹೆಣ್ಣುಮಕ್ಕಳಿಂದಲೇ ಹೆಚ್ಚು ಅಂಕ ಪಡೆದ ಸಿಇಒಗಳ ಪಟ್ಟಿ ಅದು. ಅಂಕ ಕೊಡುವವರು ಹೆಸರು ಹೇಳಬೇಕಾಗಿಲ್ಲ. ಹೂಟಗಳ್ಳಿಯ ಬಿಡಿಭಾಗದ ಘಟಕವೋ ಮದ್ದೂರು ಕಡೆಯ ಗಾರ್ಮೆಂಟ್ಸೋ ಆ ಪಟ್ಟಿಗೆ ಹೋಗಲಿಕ್ಕಿಲ್ಲ, ಆದರೆ ವಿಧಾನವನ್ನು ಎರವಲು ತರಲು ಅಡ್ಡಿಯಿಲ್ಲ. ಒಂದು ಕಟ್ಟು ಕಾಗದ, ಬೀಗ ಹಾಕುವ ಒಂದು ಡಬ್ಬಿ, ಅರ್ಧ ಗಂಟೆ ಸಮಯ ಸಾಕು.

ಶುರುವಿಗೆ ಮುಂಚೆ ಒಂದು ತಿಳಿದಿರಲಿ. ಲೈನಿನಲ್ಲಿ ಕೂತ ಹೆಂಗಸು ಯಜಮಾನರ ಮುಖ ನೋಡುವುದು ಆಯುಧ ಪೂಜೆಯ ದಿನ. ಆಕೆ ಅವರ ಹೆಸರಿನಲ್ಲಿ ಅಂಕ ಕೊಡುವುದು ಸೂಪರ್‌ವೈಸರ್ ಬಾಯಿಗೆ, ಟಾಯ್ಲೆಟ್ ಚಿಲಕಕ್ಕೆ, ಸಂಜೆಯ ಸೈರನ್‌ಗೆ. ಮಾರ್ಚ್ 8ಕ್ಕೆ ಗುಲಾಬಿ ಹಂಚಿದ ಲೆಕ್ಕ ಅಲ್ಲಿ ಬರುವುದಿಲ್ಲ.

ಚೀಟಿ ಮಾಡುವುದು

ಎಂಟು ಪ್ರಶ್ನೆ ಮೀರಬಾರದು. 'ಆಡಳಿತದ ಬಗ್ಗೆ ತೃಪ್ತಿಯಿದೆಯೇ' ಅಂದರೆ ಎಲ್ಲರೂ ಇದೆ ಅಂದು ಎದ್ದುಹೋಗುತ್ತಾರೆ. ದಿನಾ ನಡೆಯುವುದನ್ನು ಕೇಳಿ: ಓಟಿ ಇದ್ದರೆ ಊಟದ ಹೊತ್ತಿಗೇ ತಿಳಿಸುತ್ತಾರಾ? ಯಾರನ್ನೂ ಕೇಳದೆ ಟಾಯ್ಲೆಟ್‌ಗೆ ಹೋಗಿಬರಬಹುದಾ? ಕಾರಣ ಬಿಡಿಸಿ ಹೇಳದೆಯೂ ರಜೆ ಸಿಗುತ್ತಾ? ತಪ್ಪಾದಾಗ ಪಕ್ಕಕ್ಕೆ ಕರೆದು ಹೇಳುತ್ತಾರಾ? ಉತ್ತರಕ್ಕೆ ನಾಲ್ಕು ಚೌಕ: ಯಾವಾಗಲೂ, ಆಗಾಗ, ಅಪರೂಪಕ್ಕೆ, ಇಲ್ಲವೇ ಇಲ್ಲ. ಎಲ್ಲ ಪ್ರಶ್ನೆಗೂ 'ಯಾವಾಗಲೂ' ಎನ್ನುವುದೇ ಒಳ್ಳೆಯ ಉತ್ತರವಾಗುವಂತೆ ಬರೆಯಿರಿ. ಒಂದೆರಡನ್ನು ತಿರುಗುಮುರುಗು ಮಾಡಿದರೆ ಅವಸರದಲ್ಲಿ ಗೀಟು ಹಾಕುವವರು ತಪ್ಪುತ್ತಾರೆ.

ಏಳನೆಯದು: 'ನಿಮ್ಮ ತಂಗಿಗೆ ಕೆಲಸ ಬೇಕಿದ್ದರೆ ಇಲ್ಲಿಗೆ ಕರೆತರುತ್ತೀರಾ?' ಇದಕ್ಕೆ ಹೌದು, ಇಲ್ಲ ಅಷ್ಟೇ. ಎಂಟನೆಯದು ಯಜಮಾನರಿಗೆ ಹತ್ತಕ್ಕೆ ಎಷ್ಟು ಅಂಕ ಎಂದು. 1ರಿಂದ 10 ಅಚ್ಚು ಹಾಕಿಸಿ, ಸುತ್ತು ಹಾಕಲಿ. ನಮ್ಮನ್ನು ಕೇಳಿದರೆ ತಂಗಿಯ ಪ್ರಶ್ನೆಯೇ ಹೆಚ್ಚು ನಿಜ ಹೇಳುತ್ತದೆ.

ಹೆಸರು ಗುಟ್ಟಾಗಿರಬೇಕೆಂದರೆ ಚೀಟಿಯಲ್ಲಿ ಒಂದಕ್ಷರವನ್ನೂ ಬರೆಸಬೇಡಿ. ಕೈಬರಹ ಸೂಪರ್‌ವೈಸರ್‌ಗೆ ಗೊತ್ತಿರುತ್ತದೆ. ಎಲ್ಲರಿಗೂ ಒಂದೇ ನೀಲಿ ಪೆನ್ನು. ಡಬ್ಬಿಯನ್ನು ಟೈಮ್ ಆಫೀಸಿನ ಪಕ್ಕ ಇಡಬೇಡಿ, ಸಿಸಿಟಿವಿ ಕಣ್ಣಿಗೆ ಬೀಳುವ ಕಡೆಯಂತೂ ಬೇಡವೇ ಬೇಡ. ಚೀಟಿ ಹಂಚುವುದು, ಡಬ್ಬಿ ತೆರೆದು ಎಣಿಸುವುದು ಹೊರಗಿನವರ ಕೆಲಸ. ಲೈಂಗಿಕ ಕಿರುಕುಳದ ದೂರು ಕೇಳುವ ಆಂತರಿಕ ಸಮಿತಿಯಲ್ಲಿರುವ ಹೊರಗಿನ ಸದಸ್ಯೆಯನ್ನು ಕೇಳಬಹುದು. ಓದು ಬಾರದವರಿದ್ದರೆ ಒಬ್ಬರು ಗಟ್ಟಿಯಾಗಿ ಓದಲಿ, ಎಲ್ಲರೂ ಒಟ್ಟಿಗೆ ಗುರುತು ಹಾಕಲಿ.

ಎಲ್ಲಿ ತೊಂದರೆ ಅಂತ ಗೊತ್ತಾಗಲು ಲೈನಿಗೊಂದು ಬಣ್ಣದ ಕಾಗದ ಕೊಡಿ. ಲೈನಿನಲ್ಲಿ ಹತ್ತಕ್ಕಿಂತ ಕಡಿಮೆ ಹೆಂಗಸರಿದ್ದರೆ ಎರಡು ಲೈನು ಸೇರಿಸಿ ಒಂದೇ ಬಣ್ಣ. ಕಚೇರಿಗಳಲ್ಲಿ ಗೂಗಲ್ ಫಾರ್ಮ್ ಬಳಸುವುದಾದರೆ ಇಮೇಲ್ ಪಡೆಯುವ ಸೆಟ್ಟಿಂಗ್ ಆಫ್ ಮಾಡಿ. 'ಒಬ್ಬರಿಗೆ ಒಂದೇ ಉತ್ತರ' ಎಂಬುದನ್ನೂ ಆಫ್ ಮಾಡಿ. ಅದು ಲಾಗಿನ್ ಕೇಳುತ್ತದೆ, ಲಾಗಿನ್ ಕಂಡ ಕೂಡಲೇ ನಿಜ ಹೇಳುವವರು ನಿಲ್ಲಿಸುತ್ತಾರೆ.

ದಿನ ಆರಿಸುವಾಗ ಬೋನಸ್ ವಾರ ಬೇಡ, ಗೌರಿ ಹಬ್ಬದ ವಾರ ಬೇಡ. ಯುಗಾದಿ ಮುಗಿದು ಹೊಸತೊಡಕಿನ ದಿನ ಮಂಡ್ಯದ ಕಡೆ ಅರ್ಧ ಲೈನೇ ಖಾಲಿ ಇರುತ್ತದೆ. ಸಂಬಳವಾಗಿ ಒಂದು ವಾರ ಕಳೆದ ಬುಧವಾರ ಒಳ್ಳೆಯದು.

ಎಣಿಸುವುದು

ಸರಾಸರಿ ಮೋಸ ಮಾಡುತ್ತದೆ. 50 ಹೆಂಗಸರಲ್ಲಿ 40 ಚೀಟಿ ಬಂದವು ಅನ್ನಿ. 34 ಜನ ಹತ್ತಕ್ಕೆ 8 ಕೊಟ್ಟರು, 6 ಜನ 1 ಕೊಟ್ಟರು. ಸರಾಸರಿ 6.95, ಯಜಮಾನರಿಗೆ ಫಸ್ಟ್ ಕ್ಲಾಸ್! ಆದರೆ ಆ ಆರೂ ಚೀಟಿ ಒಂದೇ ಬಣ್ಣದವಾದರೆ ಆ ಲೈನಿನಲ್ಲಿ ಏನೋ ನಡೆಯುತ್ತಿದೆ. ಬಾರದ 10 ಚೀಟಿಗಳನ್ನೂ ಒಳ್ಳೆಯದೆಂದು ಲೆಕ್ಕ ಹಾಕಬೇಡಿ. ಇದೇ ಚೀಟಿಯನ್ನು ಗಂಡಸರಿಗೂ ಕೊಡಿ. ಇಬ್ಬರೂ ಕಡಿಮೆ ಕೊಟ್ಟರೆ ದೋಷ ಘಟಕದ್ದು, ಹೆಂಗಸರು ಮಾತ್ರ ಕಡಿಮೆ ಕೊಟ್ಟರೆ ಈ ಬರಹದ ವಿಷಯ.

ತಿದ್ದುವುದು

ಬಾಯಿಂದ ಶುರುಮಾಡಿ, ಅದಕ್ಕೆ ಕಾಸು ಖರ್ಚಿಲ್ಲ. 'ಏಯ್, ಬಾಮ್ಮ ಇಲ್ಲಿ, ಕಣ್ಣು ಕಾಣಲ್ವಾ ನಿಂಗೆ?' ಇದು ದಿನಕ್ಕೆ ಹತ್ತು ಸಲ ಕೇಳುವ ಮಾತು. ಕೇಳಿದರೆ 'ನಮ್ಮ ಕಡೆ ಏಕವಚನ ಅಂದ್ರೆ ಸಲಿಗೆ ಸಾರ್' ಎಂಬ ಸಮಜಾಯಿಷಿ ಬರುತ್ತದೆ. ಪರೀಕ್ಷೆ ಸುಲಭ. ಅದೇ ಸೂಪರ್‌ವೈಸರ್ ಅದೇ ವಯಸ್ಸಿನ ಫಿಟ್ಟರ್‌ನನ್ನು ಹೇಗೆ ಕರೆಯುತ್ತಾನೆ ನೋಡಿ. ಅವನಿಗೆ 'ಬನ್ನಿ ಸಾರ್', ಈಕೆಗೆ 'ಬಾಮ್ಮ' ಆದರೆ ಅದು ಸಲಿಗೆಯಲ್ಲ. ಎಲ್ಲರಿಗೂ ಬಹುವಚನ ಅಂತ ನಿಯಮ ಮಾಡಿ, ಮೊದಲು ಯಜಮಾನರೇ ಪಾಲಿಸಲಿ. ಮೂರು ವಾರ ನಾಟಕದ ಹಾಗೆ ಕಾಣುತ್ತದೆ, ಆಮೇಲೆ ರೂಢಿಯಾಗುತ್ತದೆ.

ಎರಡನೆಯದು ಸಂಜೆಯ ಹತ್ತು ನಿಮಿಷ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ಹಳ್ಳಿಯಿಂದ ಬರುವ ಎಷ್ಟೋ ಹೆಂಗಸರಿಗೆ ಕೆಂಪು ಬಸ್ಸೇ ಗತಿ. ಸೈರನ್ ಆದ ಮೇಲೆ 'ಪೀಸ್ ಲೆಕ್ಕ ಹೇಳಿ ಹೋಗಿ' ಅಂತ ನಿಲ್ಲಿಸಿದರೆ ಊರಿನ ಬಸ್ಸು ಹೋಗಿರುತ್ತದೆ. ಮುಂದಿನದಕ್ಕೆ ಒಂದು ಗಂಟೆ, ಮನೆಯಲ್ಲಿ ಬೈಗುಳ ಬೇರೆ. ಯಾವ ಊರಿಗೆ ಎಷ್ಟು ಹೊತ್ತಿಗೆ ಕೊನೆಯ ಬಸ್ಸು ಅಂತ ಹೆಂಗಸರನ್ನೇ ಕೇಳಿ ಒಂದು ಹಾಳೆಯಲ್ಲಿ ಬರೆದು ಪ್ರೊಡಕ್ಷನ್ ಮೇಜಿನ ಮೇಲೆ ಅಂಟಿಸಿ. ಪೀಸ್ ಲೆಕ್ಕ ಸೈರನ್‌ಗೆ ಹತ್ತು ನಿಮಿಷ ಮುಂಚೆಯೇ ಮುಗಿಯಲಿ. ಓಟಿಗೆ ದುಪ್ಪಟ್ಟು ಕೂಲಿ ಕಾನೂನಿನಲ್ಲಿದೆ; ಆದರೆ ಊಟದ ನಂತರ ಹೇಳಿದ ಓಟಿಯನ್ನು ಬೇಡ ಅನ್ನುವ ಹಕ್ಕು ಹೆಂಗಸರಿಗಿರಲಿ. ರಾತ್ರಿ ಪಾಳಿಗಾದರೆ ಬರಹದಲ್ಲಿ ಒಪ್ಪಿಗೆ, ಮನೆಬಾಗಿಲವರೆಗೆ ಗಾಡಿ, ಕೊನೆಗೆ ಇಳಿಯುವವಳು ಒಬ್ಬಳೇ ಹೆಂಗಸಾಗಿದ್ದರೆ ಜೊತೆಗೆ ಕಾವಲಿನವರು.

ಟಾಯ್ಲೆಟ್ ವಿಷಯ ಚಿಕ್ಕದು. 25 ಹೆಂಗಸರಿಗೆ ಒಂದು ಎಂಬುದು ಕಾರ್ಖಾನೆ ನಿಯಮಗಳ ಕನಿಷ್ಠ ಲೆಕ್ಕ. ಒಳಗಿನಿಂದ ಬೀಳುವ ಚಿಲಕ, ಉರಿಯುವ ಬಲ್ಬು, ಮುಚ್ಚಳವಿರುವ ಡಬ್ಬಿ ಇರಲಿ, ಡಬ್ಬಿ ದಿನಾ ಖಾಲಿಯಾಗಲಿ. ಟಾಯ್ಲೆಟ್‌ಗೆ ಹೋಗಲು ಟೋಕನ್ ಪಡೆಯುವ ಪದ್ಧತಿ ಇದ್ದರೆ ಇವತ್ತೇ ತೆಗೆಯಿರಿ. ಅದಕ್ಕೆ ಹೆದರಿ ನೀರು ಕುಡಿಯದೆ ಉರಿಮೂತ್ರ ತಂದುಕೊಂಡವರ ರಜೆಯಿಂದಾಗುವ ನಷ್ಟ, ಟೋಕನ್‌ನಿಂದ ಉಳಿಯುವ ನಿಮಿಷಗಳಿಗಿಂತ ದೊಡ್ಡದು.

ಗ್ರೇಡಿನ ತಕರಾರು ನಿಧಾನವಾಗಿ ಕಾಣುವಂಥದ್ದು. ಐದು ವರ್ಷ ಹಿಂದೆ ಒಂದೇ ತಿಂಗಳಲ್ಲಿ ಸೇರಿದವರ ಹೆಸರು ಬರೆದು, ಈಗ ಯಾರು ಹೆಲ್ಪರ್, ಯಾರು ಆಪರೇಟರ್, ಯಾರು ಸೂಪರ್‌ವೈಸರ್ ಅಂತ ಪಕ್ಕದಲ್ಲಿ ಬರೆಯಿರಿ. ಹೆಲ್ಪರ್ ಸಾಲಿನಲ್ಲಿ ಬರೀ ಹೆಂಗಸರ ಹೆಸರು ನಿಂತಿದ್ದರೆ ಕಾರಣ ಹುಡುಕಿ. 'ನಾವು ಕೊಟ್ವಿ, ಅವರೇ ಬೇಡ ಅಂದ್ರು' ಎಂಬ ಉತ್ತರ ಪೂರ್ತಿ ಸುಳ್ಳಲ್ಲ. ಸೂಪರ್‌ವೈಸರ್ ಆದವರು ಪಾಳಿ ಮುಗಿದು ಇನ್ನೊಂದು ಗಂಟೆ ಇದ್ದು ವರದಿ ಬರೆಯಬೇಕು, ಮತ್ತೆ ಅದೇ ಬಸ್ಸಿನ ಕಥೆ. ವರದಿಯನ್ನು ಪಾಳಿಯೊಳಗೇ ತಂದರೆ ಒಪ್ಪುವವರು ಸಿಗುತ್ತಾರೆ.

ಸಮಿತಿ ಮತ್ತು ರಜೆ

10 ಜನ ಇದ್ದಲ್ಲೆಲ್ಲ 2013ರ ಕಾಯ್ದೆ ಪ್ರಕಾರ ಲೈಂಗಿಕ ಕಿರುಕುಳದ ದೂರಿಗೆ ಆಂತರಿಕ ಸಮಿತಿ ಬೇಕು. ಅಧ್ಯಕ್ಷತೆ ಹಿರಿಯ ಮಹಿಳಾ ಉದ್ಯೋಗಿಯದು, ಕನಿಷ್ಠ ಅರ್ಧ ಸದಸ್ಯರು ಮಹಿಳೆಯರು, ಒಬ್ಬರು ಹೊರಗಿನವರು. ದೂರು ಮೂರು ತಿಂಗಳೊಳಗೆ ಬರಹದಲ್ಲಿ ಬರಬೇಕು, ಸಕಾರಣವಿದ್ದರೆ ಇನ್ನೂ ಮೂರು ತಿಂಗಳು. ವಿಚಾರಣೆ 90 ದಿನದಲ್ಲಿ ಮುಗಿಯಬೇಕು. ಸಮಿತಿ ಮಾಡದಿದ್ದರೆ 50,000 ರೂಪಾಯಿವರೆಗೆ ದಂಡ. ಸಾಮಾನ್ಯ ತಪ್ಪೆಂದರೆ ಯಜಮಾನರ ಪರಿಚಯದ ಮನೆಯವರನ್ನೇ 'ಹೊರಗಿನ ಸದಸ್ಯೆ' ಅಂತ ಕೂರಿಸುವುದು. ಆ ಸಮಿತಿಗೆ ದೂರು ಬರುವುದೇ ಇಲ್ಲ, ಬಂದಿಲ್ಲವೆಂದು ಯಜಮಾನರು ಹಿಗ್ಗುತ್ತಾರೆ. ದೂರು ಯಜಮಾನರ ಮೇಲೇ ಇದ್ದರೆ, ಅಥವಾ 10ಕ್ಕಿಂತ ಕಡಿಮೆ ಜನರಿದ್ದರೆ, ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗಬಹುದು. ಇದನ್ನೂ ಬೋರ್ಡಿನಲ್ಲಿ ಕನ್ನಡದಲ್ಲಿ ಬರೆಸಿ. ಬೋರ್ಡು ಗೇಟಿನಲ್ಲಿ ಬೇಡ, ನಿಂತು ಓದಿದವರು ಎಲ್ಲರ ಕಣ್ಣಿಗೆ ಬೀಳುತ್ತಾರೆ. ಹೆಂಗಸರ ಟಾಯ್ಲೆಟ್ ಬಾಗಿಲ ಒಳಬದಿ ಸರಿಯಾದ ಜಾಗ.

ಹೆರಿಗೆ ರಜೆ ಮೊದಲ ಎರಡು ಮಕ್ಕಳಿಗೆ 26 ವಾರ. 'ಅಷ್ಟು ಸಂಬಳ ಹೇಗೆ ಕೊಡೋದು' ಅನ್ನುವ ಸಣ್ಣ ಘಟಕದವರು ಇಎಸ್‌ಐ (ಕಾರ್ಮಿಕರ ರಾಜ್ಯ ವಿಮೆ) ಮರೆತಿರುತ್ತಾರೆ. ತಿಂಗಳಿಗೆ 21,000 ರೂಪಾಯಿವರೆಗಿನ ಸಂಬಳಕ್ಕೆ ಇಎಸ್‌ಐ ಅನ್ವಯಿಸುವ ಕಡೆ ಹೆರಿಗೆ ಹಣ ಕೊಡುವುದು ಇಎಸ್‌ಐ ನಿಗಮ. ನಿಮ್ಮ ಕೆಲಸ ವಂತಿಗೆಯನ್ನು ತಿಂಗಳು ತಪ್ಪದೆ ಕಟ್ಟುವುದು. 50 ಅಥವಾ ಹೆಚ್ಚು ಜನ ಇದ್ದರೆ ಶಿಶುಪಾಲನಾ ಕೋಣೆ ಬೇಕು. ಮುಟ್ಟಿನ ರಜೆ ತಿಂಗಳಿಗೊಂದು ದಿನ ಎಂಬ ನೀತಿಯನ್ನು ರಾಜ್ಯ ಸಂಪುಟ ಅಕ್ಟೋಬರ್ 2025ರಲ್ಲಿ ಒಪ್ಪಿದೆ. ಅದನ್ನು ಕೇಳಲು ಗಂಡಸು ಸೂಪರ್‌ವೈಸರ್ ಮುಂದೆ ನಿಲ್ಲಿಸಬೇಡಿ, ರಿಜಿಸ್ಟರ್‌ನಲ್ಲಿ 'ರಜೆ' ಅಂತಷ್ಟೇ ಬರೆಯಲಿ. ಹೆಬ್ಬಾಳದ ಕಚೇರಿಗಳಲ್ಲಿ ಯಜಮಾನರ ಅಂಕ ಇಳಿಯುವುದು ಹೆರಿಗೆಯಿಂದ ವಾಪಸು ಬಂದ ವರ್ಷ ಆ ಹೆಂಗಸರಿಗೆ ಕೊಡುವ ರೇಟಿಂಗ್‌ನಿಂದ. ಆರು ತಿಂಗಳು ದುಡಿದವರನ್ನು ಹನ್ನೆರಡು ತಿಂಗಳು ದುಡಿದವರ ಜೊತೆ ತೂಗಿದರೆ ಅವರು ಸೋಲದೆ ಇನ್ನೇನು?

ಫಲಿತಾಂಶವನ್ನು 15 ದಿನದೊಳಗೆ ಬೋರ್ಡಿಗೆ ಹಾಕಿ, ಕೆಟ್ಟ ಅಂಕವನ್ನೂ ಮರೆಮಾಚದೆ. ತಿದ್ದುವ ಎರಡೇ ವಿಷಯ, ಮುಗಿಸುವ ತಾರೀಖು ಬರೆಯಿರಿ. ಯಾವ ಲೈನು ಕಡಿಮೆ ಕೊಟ್ಟಿತೆಂದು ಮಾತ್ರ ಹೇಳಬೇಡಿ. ಆರು ತಿಂಗಳಿಗೆ ಮತ್ತೆ ಚೀಟಿ ಹಂಚಿದಾಗ ಅಂಕ ಇಳಿದೀತು. ಮೊದಲ ಸಲ ಹೆದರಿ ಎಂಟು ಕೊಟ್ಟವರು ಈ ಸಲ ಧೈರ್ಯವಾಗಿ ಐದು ಕೊಡುತ್ತಾರೆ. ಮೂರನೆಯ ಸುತ್ತಿನ ಅಂಕವನ್ನು ನಂಬಬಹುದು.