ಸ್ಯಾಶೆ ಬರೆದುಕೊಡಿ ಡಾಕ್ಟ್ರೇ

ಮಗುವಿಗೆ ಎರಡು ತಿಂಗಳು. ತಾಯಿ ಮನೆಯಲ್ಲೇ ಬೀಡಿ ಕಟ್ಟುತ್ತಾರೆ. ಬಸುರಿಯಾಗಿದ್ದಾಗ ಎಚ್‌ಐವಿ ಇರುವುದು ಗೊತ್ತಾಗಿ, ವೈರಸ್ ಹತ್ತಿಕ್ಕುವ ಎಆರ್‌ಟಿ ಮಾತ್ರೆ ಶುರುವಾಗಿತ್ತು. ಮಗುವಿಗೆ ವೈರಸ್ ತಗಲದಂತೆ ಕೊಡುವ ನೆವಿರಪಿನ್ ಸಿರಪ್ ಆರು ವಾರ ಆಗಿ ಮುಗಿದಿತ್ತು, ವೈರಸ್ ಇದೆಯಾ ಎಂದು ನೋಡುವ ಮೊದಲ ಪಿಸಿಆರ್ ಟೆಸ್ಟ್ ನೆಗೆಟಿವ್. ಆಮೇಲೆ ಬೇರೆ ಸೋಂಕು ತಗಲದಂತೆ ಕೋಟ್ರೈಮಾಕ್ಸಜೋಲ್ ಸಿರಪ್ ಕೊಡುತ್ತಿದ್ದರು.

"ಆ ಸಿರಪ್ ಶುರುವಾದ ಮೇಲೆ ದಿನಕ್ಕೆ ಆರೇಳು ಸಲ ಹೋಗ್ತದೆ ಡಾಕ್ಟ್ರೇ. ಒಳ್ಳೆ ಬ್ಯಾಕ್ಟೀರಿಯಾದ ಪುಡಿ ಬರ್ತದಲ್ಲ, ಆ ಸ್ಯಾಶೆ ಬರೆದುಕೊಡಿ."

ಮಂಗಳೂರಿನಲ್ಲಿ ಪ್ರಾಕ್ಟೀಸ್ ಶುರು ಮಾಡಿದ ಹೊಸತರಲ್ಲಿ ನಾನು ಕೂಡಲೇ ಬರೆಯುತ್ತಿದ್ದೆ. ತಾಯಿಗೂ ಸಮಾಧಾನ, ನನ್ನ ಕ್ಯೂ ಕೂಡ ಬೇಗ ಕರಗುತ್ತಿತ್ತು. ಒಂದು ದಿನ ಸುಮ್ನೆ ಒಬ್ಬರನ್ನು ಕೇಳಿದೆ, ಪುಡಿಯನ್ನು ಯಾವುದರಲ್ಲಿ ಕಲಸ್ತೀರಿ ಅಂತ. "ಬಾವಿ ನೀರಲ್ಲಿ." ಎದೆಹಾಲು ಬಿಟ್ಟು ತೊಟ್ಟು ನೀರೂ ಬೇಡ ಎಂದವನೂ ನಾನೇ, ನೀರಿಗೆ ದಾರಿ ಮಾಡಿಕೊಟ್ಟವನೂ ನಾನೇ!

ಎಚ್‌ಐವಿ ಇರುವ ತಾಯಂದಿರ ಮಕ್ಕಳಿಗೆ ಅದು ಸಣ್ಣ ವಿಷಯ ಅಲ್ಲ. ಎದೆಹಾಲಿನ ಜೊತೆ ಬೇರೆ ಏನಾದರೂ ಸೇರಿದರೆ ಕರುಳಿನ ಒಳಪದರಕ್ಕೆ ಗಾಯವಾಗಬಹುದು, ಹಾಲಿನಲ್ಲಿ ಇರಬಹುದಾದ ವೈರಸ್‌ಗೆ ಅದೇ ಬಾಗಿಲು. ಇನ್ನು ಒಳ್ಳೆ ಬ್ಯಾಕ್ಟೀರಿಯಾದ ಮಾತು: ಎದೆಹಾಲಿನಲ್ಲಿ ಮಗುವಿಗೆ ಜೀರ್ಣವಾಗದ ಒಂದು ಬಗೆಯ ಸಕ್ಕರೆ ಇದೆ. ಅದು ಕರುಳಿನ ಬಿಫಿಡೋಬ್ಯಾಕ್ಟೀರಿಯಾಗಳ ಊಟ.

ಹಾಗಂತ ಪ್ರೊಬಯೋಟಿಕ್, ಅಂದರೆ ಈ ಒಳ್ಳೆ ಬ್ಯಾಕ್ಟೀರಿಯಾದ ಮದ್ದು, ಎಲ್ಲವೂ ಬೊಗಳೆ ಅಲ್ಲ. ಒಡಿಶಾದ ಹಳ್ಳಿಗಳಲ್ಲಿ 4,500ಕ್ಕೂ ಹೆಚ್ಚು ನವಜಾತ ಶಿಶುಗಳ ಮೇಲೆ ನಡೆದ ಅಧ್ಯಯನ 2017ರಲ್ಲಿ ಪ್ರಕಟವಾಯಿತು. ಒಂದು ವಾರ ಲ್ಯಾಕ್ಟೋಬ್ಯಾಸಿಲಸ್ ಎಂಬ ಬ್ಯಾಕ್ಟೀರಿಯಾ ಕೊಟ್ಟ ಮಕ್ಕಳಲ್ಲಿ ಸೆಪ್ಸಿಸ್, ಅಂದರೆ ಮೈಯೆಲ್ಲ ಹರಡುವ ಗಂಭೀರ ಸೋಂಕು, ಕಡಿಮೆಯಾಗಿತ್ತು. ಆದರೆ ಅದು ಒಂದು ನಿರ್ದಿಷ್ಟ ತಳಿ, ಮೆಡಿಕಲ್‌ನಲ್ಲಿ ಸಿಗುವ ಪ್ರತಿ ಸ್ಯಾಶೆಯೂ ಅದಲ್ಲ. ಅವಧಿಗೆ ಮೊದಲೇ ಹುಟ್ಟಿದ ಮಕ್ಕಳಲ್ಲಿ ಈ ಜೀವಾಣುಗಳೇ ರಕ್ತಕ್ಕೆ ಸೇರಬಹುದು ಅಂತ 2023ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಎಚ್ಚರಿಸಿದೆ.

ಸರಿ, ಮಗುವಿನ ಬಟ್ಟೆ ಬಿಚ್ಚಿ ನೋಡಿದೆ. ಮಲ ಹಳದಿ, ಅದರಲ್ಲಿ ಸಣ್ಣ ಸಣ್ಣ ಕಾಳು. ತೂಕವೂ ಏರಿದೆ. ಎದೆಹಾಲು ಕುಡಿಯುವ ಮಗು ಹೀಗೇ ಹೋಗುವುದು, ಸಿರಪ್ ನಿಲ್ಲಿಸಬೇಡಿ ಅಂದೆ. ಮತ್ತೆ ಮಾಮೂಲಿ ಪ್ರಶ್ನೆ: ಬಾಯಿಗೆ ಇನ್ನೇನು ಹೋಗ್ತದೆ?

ತಾಯಿ ತಲೆ ತಗ್ಗಿಸಿದರು. ಅತ್ತೆ ದಿನಾ ಬಜೆ ತೇದು ಜೇನಲ್ಲಿ ನೆಕ್ಕಿಸುತ್ತಾರೆ. ಅತ್ತೆಗೆ ಕಾಯಿಲೆ ವಿಷಯ ಗೊತ್ತಿಲ್ಲ. ಬೇಡ ಅಂದರೆ ಯಾಕೆ ಅಂತ ಕೇಳುತ್ತಾರೆ, ಅಲ್ವಾ?

ಹೊರಗೆ ಕೂತಿದ್ದ ಅಜ್ಜಿಯನ್ನು ಒಳಗೆ ಕರೆದೆ. "ಅಜ್ಜಿ, ಆರು ತಿಂಗಳು ಎದೆಹಾಲು, ನಾನು ಬರೆದ ಮದ್ದು, ಅಷ್ಟೇ. ಬಜೆಯೂ ಬೇಡ, ಜೇನೂ ಬೇಡ. ಎಲ್ಲ ಮಕ್ಕಳಿಗೂ ನಾನು ಹೇಳುವುದು ಇದನ್ನೇ." ಇದರಲ್ಲಿ ಒಂದಕ್ಷರ ಸುಳ್ಳಿಲ್ಲ. ಕಾಯಿಲೆಯ ಹೆಸರೂ ಎತ್ತಬೇಕಾಗಲಿಲ್ಲ. ಅಜ್ಜಿ ಮುಖ ಗಂಟು ಹಾಕಿಕೊಂಡೇ ಹೋದರು.

ಆರನೇ ತಿಂಗಳ ಟೆಸ್ಟಿಗೆ ಬಂದಾಗ ಮಗು ಅಜ್ಜಿಯ ಸೊಂಟದ ಮೇಲೇ ಇತ್ತು. ಕೂರುವ ಮೊದಲೇ ಕೇಳಿದರು, "ಇನ್ನಾದ್ರೂ ರಾಗಿ ಮಣ್ಣಿ ಕೊಡಬಹುದಾ ಡಾಕ್ಟ್ರೇ?"

"ಧಾರಾಳ ಕೊಡಿ. ಹಾಲು ಮಾತ್ರ ಬಿಡಿಸಬೇಡಿ."