ನಿಮ್ಮ ನೆಟ್‌ವರ್ಕ್‌ನ ದಾರಿ ಮಾರಾಟಕ್ಕಿದ್ದರೆ ಏನು ಮಾಡಬೇಕು?

ಕಂಪನಿಯೊಂದರ ನೆಟ್‌ವರ್ಕ್‌ಗೆ ನುಗ್ಗಿದವರೇ ಅದನ್ನು ಲೂಟಿ ಮಾಡಬೇಕೆಂದೇನಿಲ್ಲ. ಒಳಹೋಗುವ ದಾರಿಯನ್ನಷ್ಟೇ ಹುಡುಕಿ ಬೇರೆಯವರಿಗೆ ಮಾರುವ ದಲ್ಲಾಳಿಗಳಿದ್ದಾರೆ. ಅವರ ಜಾಹೀರಾತಿನಲ್ಲಿ ಸಾಮಾನ್ಯವಾಗಿ ಕಂಪನಿಯ ಹೆಸರಿರುವುದಿಲ್ಲ. ದೇಶ, ವಹಿವಾಟು, ಅಡ್ಮಿನ್ ಅಧಿಕಾರ ಸಿಗುತ್ತದೋ ಇಲ್ಲವೋ, ಇಷ್ಟೇ ಇರುತ್ತದೆ. ಕೊಳ್ಳುವವರಲ್ಲಿ ಕಡತಗಳಿಗೆ ಬೀಗ ಹಾಕಿ ಹಣ ಕೇಳುವ ರ‍್ಯಾನ್ಸಮ್‌ವೇರ್ ತಂಡಗಳೇ ಜಾಸ್ತಿ. ಈ ದಾರಿಯ ಕಳವಿಗೂ ದಾಳಿಗೂ ನಡುವೆ ಕೆಲವೊಮ್ಮೆ ಸಮಯ ಸಿಗುತ್ತದೆ. ಆ ಹೊತ್ತಿನಲ್ಲಿ ಅವರ ಸರಕನ್ನು ಕೆಲಸಕ್ಕೆ ಬಾರದಂತೆ ಮಾಡಬಹುದು.

ಮೊದಲು, ಹೊರಗಿನಿಂದ ಲಾಗಿನ್ ಆಗಬಹುದಾದ ಎಲ್ಲವನ್ನೂ ಪಟ್ಟಿ ಮಾಡಿ. ರಿಮೋಟ್ ಡೆಸ್ಕ್‌ಟಾಪ್‌ನ 3389 ಪೋರ್ಟ್ (ಸಂಪರ್ಕದ ಬಾಗಿಲು) ಇಂಟರ್‌ನೆಟ್‌ಗೆ ನೇರವಾಗಿ ತೆರೆದಿದ್ದರೆ ಇವತ್ತೇ ಮುಚ್ಚಿ. ಸುಮ್ನೆ ಪೋರ್ಟ್ ಸಂಖ್ಯೆ ಬದಲಿಸಿದರೆ ಸಾಲದು, ಹುಡುಕುವವರಿಗೆ ಅದೂ ಸಿಗುತ್ತದೆ.

ಆಮೇಲೆ ಹಳೇ ಖಾತೆಗಳು. 2021ರ ಮೇ ತಿಂಗಳಲ್ಲಿ ಅಮೆರಿಕದ ಕೊಲೋನಿಯಲ್ ಪೈಪ್‌ಲೈನ್‌ನ ಇಂಧನ ಸಾಗಣೆ ರ‍್ಯಾನ್ಸಮ್‌ವೇರ್ ದಾಳಿಯಿಂದ ನಿಂತುಹೋಯಿತು. ದಾಳಿಕೋರರು ಒಳಬಂದದ್ದು ಬಳಕೆಯಲ್ಲಿಲ್ಲದ ವಿಪಿಎನ್ (ಹೊರಗಿನಿಂದ ಕಂಪನಿಯ ನೆಟ್‌ವರ್ಕ್ ಸೇರಲು ಬಳಸುವ ಸಂಪರ್ಕ) ಖಾತೆಯೊಂದರಿಂದ. ಅದಕ್ಕೆ ಪಾಸ್‌ವರ್ಡ್ ಬಿಟ್ಟರೆ ಬೇರೆ ಕಾವಲಿರಲಿಲ್ಲ. ಕಂಪನಿ ತೆತ್ತ ಹಣ ಸುಮಾರು 44 ಲಕ್ಷ ಡಾಲರ್! ಕೆಲಸ ಬಿಟ್ಟವರ, ಗುತ್ತಿಗೆ ಮುಗಿದವರ ಖಾತೆಗಳನ್ನು ಮುಚ್ಚಿ. ಉಳಿದವಕ್ಕೆಲ್ಲ ಎರಡು ಹಂತದ ಪರಿಶೀಲನೆ ಹಾಕಿ. ಮೇಲಧಿಕಾರಿಗಳಿಗೂ ವಿನಾಯಿತಿ ಬೇಡ.

ಹೆಚ್ಚಿನವರು ಎಡವುವುದು ಮುಂದಿನ ಹೆಜ್ಜೆಯಲ್ಲಿ. ರೆಡ್‌ಲೈನ್‌ನಂಥ ಮಾಲ್‌ವೇರ್ ಬ್ರೌಸರ್‌ನಿಂದ ಪಾಸ್‌ವರ್ಡ್ ಜೊತೆಗೆ ಕುಕೀಗಳನ್ನೂ (ನೀವು ಲಾಗಿನ್ ಆಗಿದ್ದೀರಿ ಎಂದು ಜಾಲತಾಣಕ್ಕೆ ತೋರಿಸುವ ಗುರುತುಗಳು) ಕದಿಯುತ್ತದೆ. 2023ರ ಏಪ್ರಿಲ್‌ನಲ್ಲಿ ಹಲವು ದೇಶಗಳ ಪೊಲೀಸರು ಸೇರಿ ಮುಚ್ಚಿಸಿದ ಜೆನೆಸಿಸ್ ಮಾರ್ಕೆಟ್‌ನಲ್ಲಿ ಇಂಥ ಕುಕೀಗಳ ವ್ಯಾಪಾರವೇ ನಡೆಯುತ್ತಿತ್ತು. ಚಾಲ್ತಿಯಲ್ಲಿರುವ ಕುಕೀ ಕೈಗೆ ಸಿಕ್ಕರೆ ಕಳ್ಳನಿಗೆ ಪಾಸ್‌ವರ್ಡ್ ಬೇಡ, ಬಹಳ ಸಲ ಒಟಿಪಿಯೂ ಬೇಡ. ಹಾಗಾಗಿ ಕ್ರಮ ತಪ್ಪಬಾರದು. ಸೋಂಕಿತ ಕಂಪ್ಯೂಟರನ್ನು ಮೊದಲು ನೆಟ್‌ವರ್ಕ್‌ನಿಂದ ಬೇರ್ಪಡಿಸಿ. ಬೇರೊಂದು ಶುದ್ಧ ಕಂಪ್ಯೂಟರಿನಿಂದ ಪಾಸ್‌ವರ್ಡ್ ಬದಲಿಸಿ. ತಕ್ಷಣ ಎಲ್ಲ ಸಾಧನಗಳಿಂದಲೂ ಲಾಗ್‌ಔಟ್ ಮಾಡಿಸಿ. ಸೋಂಕಿತ ಯಂತ್ರದಲ್ಲೇ ಕೂತು ಬದಲಿಸಿದರೆ ಹೊಸ ಪಾಸ್‌ವರ್ಡ್ ಕೂಡ ಅವರ ಪಾಲಾಗುತ್ತದೆ, ಅಲ್ವಾ? ಲಾಗ್‌ಗಳನ್ನು (ಯಂತ್ರದಲ್ಲಿ ಏನೇನು ನಡೆಯಿತೆಂಬ ದಾಖಲೆ) ನಕಲು ಮಾಡಿಟ್ಟುಕೊಂಡ ಮೇಲೆ ಆ ಯಂತ್ರವನ್ನು ಪೂರ್ತಿ ಅಳಿಸಿ, ಆಪರೇಟಿಂಗ್ ಸಿಸ್ಟಮ್ ಹೊಸದಾಗಿ ಹಾಕಿ.

ವಿಪಿಎನ್, ಫೈರ್‌ವಾಲ್‌ಗಳಿಗೆ ಅಪ್‌ಡೇಟ್ ಹಾಕುವುದು ಗೊತ್ತೇ ಇದೆ. ಆದರೆ ಅಪ್‌ಡೇಟ್ ತೂತು ಮುಚ್ಚುತ್ತದೆಯೇ ಹೊರತು ಒಳಗೆ ಬಂದವರನ್ನು ಓಡಿಸುವುದಿಲ್ಲ. ನೀವು ಸೃಷ್ಟಿಸದ ಅಡ್ಮಿನ್ ಖಾತೆ, ನೀವು ಹಾಕದ ರಿಮೋಟ್ ಆ್ಯಪ್, ಅಪರಿಚಿತ ದೇಶದಿಂದ ಆದ ಲಾಗಿನ್ ಇವೆಯೇ ಎಂದು ನೋಡಿ. ಒಂದು ಸಿಕ್ಕರೂ ಅದನ್ನಷ್ಟೇ ಅಳಿಸಿ ಸುಮ್ಮನಾಗಬೇಡಿ. ಸೈಬರ್ ತನಿಖೆಯ ಪರಿಣತರನ್ನು ಕರೆಸಿ. ಅವರು ಬರುವ ಮೊದಲೇ ಬ್ಯಾಕಪ್‌ನ ಒಂದು ಪ್ರತಿಯನ್ನು ನೆಟ್‌ವರ್ಕ್‌ನಿಂದ ಕಳಚಿ ಬೇರೆ ಇಡಿ.